ಹದಿನೆಂಟು ಇಂಚಿನ ಕುರ್ಚಿ

ಈ ರೋಗ ತಗುಲಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ: ನಾನು ಒಳ್ಳೆಯ ರೋಗಿಯಾಗಿರಲಿಲ್ಲ. ಧೈರ್ಯದಿಂದ ಎದುರಿಸಿದೆ, ನಗುನಗುತ್ತ ಗೆದ್ದು ಬಂದೆ ಎಂದು ಯಾರೋ ಬರೆದದ್ದನ್ನು ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಶಾಂತವ್ವ ಪತ್ರಿಕೆಯಿಂದ ಓದಿ ಹೇಳುತ್ತಿದ್ದಳು. ಒಂದು ದಿನ, ಅದನ್ನು ಕಿಟಕಿಯಿಂದ ಹೊರಗೆ ಒಗೆ ಎಂದು ಕೂಗಿದೆ. ಕೈಯಲ್ಲಿ ಶಕ್ತಿ ಇದ್ದಿದ್ದರೆ ನಾನೇ ಒಗೆಯುತ್ತಿದ್ದೆ. ಡಾಕ್ಟರು, ನರ್ಸು, ನೋಡಲು ಬಂದ ಬೀಗರು, ಪಕ್ಕದ ಮಂಚದವನ ಕೆಮ್ಮು, ಎಲ್ಲದರ ಮೇಲೂ ಸಿಟ್ಟಿತ್ತು. ಆ ಸಿಟ್ಟಿನಲ್ಲಿ ಹೆಚ್ಚಿನದು ಅನ್ಯಾಯದ್ದು. ಅದು ನಿಜವಾಗಿ ಯಾರ ಮೇಲೆ ಇರಬೇಕಾಗಿತ್ತು ಎಂದು ತಿಳಿಯಲು ನನಗೆ ಆರೇಳು ತಿಂಗಳು ಬೇಕಾದವು.

ನಾನು ಮೂಡಲಗಿಯವನು. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಇದ್ದು ಹವಾಲ್ದಾರನಾಗಿ ನಿವೃತ್ತನಾದೆ. ಹವಾಲ್ದಾರ ಎಂದರೆ ಜನ ಬಂದೂಕು, ಗಡಿ, ಹಿಮ ಎಂದು ಕಲ್ಪಿಸಿಕೊಳ್ಳುತ್ತಾರೆ. ನಾನು ಹೆಚ್ಚಿನ ಕಾಲ ಇದ್ದದ್ದು ಸ್ಟೋರಿನಲ್ಲಿ. ಬೂಟು, ಕಂಬಳಿ, ಟೆಂಟು ಎಣಿಸಿ ಕೊಡುವುದು, ಸಹಿ ಹಾಕಿಸಿಕೊಳ್ಳುವುದು, ಮುಂದಿನವನನ್ನು ಕರೆಯುವುದು. ಊರಿಗೆ ಬಂದ ಮೇಲೂ ಅದೇ ಅಭ್ಯಾಸ ಉಳಿಯಿತು. ಪುಣೆಯ ಕೆಲವು ದಾನಿಗಳು ಅಂಗವಿಕಲ ಮಾಜಿ ಸೈನಿಕರಿಗೆಂದು ಗಾಲಿಕುರ್ಚಿ, ಊರುಗೋಲು, ವಾಕರ್ ಕಳಿಸುತ್ತೇವೆ, ಹಂಚುವ ಜನ ಬೇಕು ಎಂದಾಗ ನಾನು ಮುಂದೆ ಬಂದೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲೂಕು ನನ್ನವು. ನಮ್ಮ ಮನೆಯ ಹಿಂದಿನ ಕೋಣೆಯೇ ಗೋದಾಮು. ಟೆಂಪೋ ಓಡಿಸುವ ರಫೀಕ ನನ್ನ ಜೊತೆಗಾರ. ಊರೂರಿಗೆ ಹೋಗುವುದು, ಬ್ಯಾನರು ಕಟ್ಟುವುದು, ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಯುವುದು. ಎರಡು ವರ್ಷದಲ್ಲಿ ನನಗೆ ಬಂದ ಶಾಲುಗಳನ್ನು ಇಡಲು ಶಾಂತವ್ವ ಒಂದು ಟ್ರಂಕು ಖಾಲಿ ಮಾಡಬೇಕಾಯಿತು.

ಲಗಮಣ್ಣ ಸಿಕ್ಕಿದ್ದು ಹಾಗೆ. ಹುಕ್ಕೇರಿ ತಾಲೂಕಿನ ಒಂದು ಸಣ್ಣ ಊರಿನ ಕುರುಬರ ಮನೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ಸಿಪಾಯಿಯಾಗಿದ್ದಾಗ ಗುಡ್ಡದ ರಸ್ತೆಯಲ್ಲಿ ಟ್ರಕ್ಕು ಉರುಳಿ ಬೆನ್ನುಮೂಳೆ ಮುರಿದಿತ್ತು. ಸೊಂಟದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಹಳೆಯ ಕುರ್ಚಿ ತುಕ್ಕು ತಿಂದು ಮುರಿದಿದ್ದರಿಂದ ಹೊಸದು ಕೇಳಿದ್ದ. ನಾವು ಇಳಿಸಿದ ಕುರ್ಚಿಯನ್ನು ಅವನು ಸುತ್ತಲೂ ಕಣ್ಣಾಡಿಸಿ ನೋಡಿದ.

"ಸಾಹೇಬ್ರ, ಇದು ಭಾಳ ಅಗಲ ಐತಿ. ನಮ್ಮ ಬಚ್ಚಲ ಬಾಗಲಾ ದಾಟೂದಿಲ್ಲ. ಸಣ್ಣದು ಇಲ್ಲೇನ್ರಿ?"

"ಎಲ್ಲಾರಿಗೂ ಇದ ಸೈಜ್ ಬಂದೈತಿ. ಸೀಟ ಹದಿನೆಂಟ ಇಂಚ."

"ಎಲ್ಲಾರ ಕುಂಡಿ ಒಂದ ಸೈಜ್ ಇರ್ತಾವೇನ್ರಿ?"

ಸುತ್ತ ನಿಂತವರು ನಕ್ಕರು. ನನ್ನ ಕಿವಿ ಬಿಸಿಯಾಯಿತು. "ಇಷ್ಟ ದೂರದಿಂದ ತಂದ ಕೊಟ್ರ ಇದ ಮಾತ?" ಎಂದೆ. ಫೋಟೋಕ್ಕೆ ಅವನು ಮುಖ ತಿರುಗಿಸಿದ. ಆ ಫೋಟೋದಲ್ಲಿ ಬ್ಯಾನರು ಚೆನ್ನಾಗಿ ಕಾಣುತ್ತದೆ, ನಾನು ಚೆನ್ನಾಗಿ ಕಾಣುತ್ತೇನೆ, ಅವನದು ಒಂದು ಕಿವಿ ಮಾತ್ರ.

ಮೂರು ತಿಂಗಳ ಮೇಲೆ ಅವನೇ ಫೋನು ಮಾಡಿದ. "ಈ ಖುರ್ಚಿ ಜೋಡಿ ಗಾದಿ ಬರ್ತಾವಂತಲ್ರಿ? ಕೂತಲ್ಲೆ ಕೆಂಪ ಆಗಾಕತ್ತೈತಿ ಅಂತಾಳ ನಮ್ಮಾಕಿ. ನನಗ ಗೊತ್ತಾಗಂಗಿಲ್ಲ."

"ಗಾದಿ ಬಂದಿಲ್ಲ" ಎಂದು ಫೋನು ಇಟ್ಟೆ.

ಅದು ಸುಳ್ಳು. ಗಾದಿ ಬಂದಿದ್ದವು, ಕುರ್ಚಿಗೊಂದರಂತೆ, ನಾಲ್ಕು ಬೆರಳು ದಪ್ಪದ ಫೋಮಿನವು. ಅವು ಸುಖಕ್ಕೆಂದು ಕೊಟ್ಟವು, ಸಿಪಾಯಿಗಳಿಗೆ ಏಕೆ ಎಂದುಕೊಂಡು ನಾನು ಅವನ್ನು ತೆಗೆದು ನಮ್ಮ ಮಾಜಿ ಸೈನಿಕರ ಸಂಘದ ಮೀಟಿಂಗ್ ಹಾಲಿನ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಹಾಕಿಸಿದ್ದೆ. ಅತಿಥಿಗಳಿಗೆ ಮೆತ್ತಗಿರಲಿ ಎಂದು.

ನನಗೆ ಕಾಯಿಲೆ ಬಂದದ್ದು ಮುಂದಿನ ಮಳೆಗಾಲದಲ್ಲಿ. ಒಂದು ಮದುವೆ ಊಟದ ನಂತರ ಹೊಟ್ಟೆ ಕೆಟ್ಟಿತು, ಮೂರು ದಿನದಲ್ಲಿ ಸರಿಯಾಯಿತು. ಹತ್ತು ದಿನ ಕಳೆದ ಮೇಲೆ ಗೋಕಾಕದಲ್ಲಿ ಟೆಂಪೋದಿಂದ ಕುರ್ಚಿ ಇಳಿಸುವಾಗ ಅಂಗಾಲಿನಲ್ಲಿ ಇರುವೆ ಹರಿದಂತಾಯಿತು. ಹಲಗೆಯ ಮೇಲೆ ಎಡವಿದೆ. ರಫೀಕ ಹಿಡಿದುಕೊಂಡ. ಮರುದಿನ ಮೂಡಲಗಿಯ ಡಾಕ್ಟರು ನಿಶ್ಶಕ್ತಿ ಎಂದು ಸೂಜಿ ಚುಚ್ಚಿ ಕಳಿಸಿದರು. ಅದರ ಮರುದಿನ ಬೆಳಿಗ್ಗೆ ಸಂಡಾಸಿನಲ್ಲಿ ಕೂತವನು ಏಳಲಿಲ್ಲ. ಏಳು ಎಂದು ಮನಸ್ಸು ಹೇಳಿತು, ಕಾಲಿಗೆ ಆ ಸುದ್ದಿ ಮುಟ್ಟಲಿಲ್ಲ. ಒಳಗಿನಿಂದ ಚಿಲಕ ಹಾಕಿದ್ದೆ. ಶಾಂತವ್ವ ನೆರೆಯವರನ್ನು ಕರೆದು ಬಾಗಿಲು ಮುರಿಸಿದಳು. ಐವತ್ತೆರಡು ವರ್ಷದ ಮನುಷ್ಯ, ಧೋತರ ಎತ್ತಿಕೊಂಡ ಸ್ಥಿತಿಯಲ್ಲಿ, ಮೂವರು ನೆರೆಯವರ ಕೈಯಲ್ಲಿ ಹೊರಗೆ ಬಂದೆ. ಅವರಲ್ಲಿ ಒಬ್ಬ ಮುಖ ಮುಚ್ಚಿಕೊಂಡು ನಕ್ಕನೆಂದು ಎಷ್ಟೋ ದಿನ ಅವನೊಂದಿಗೆ ಮಾತು ಬಿಟ್ಟಿದ್ದೆ. ಅವನು ನಕ್ಕಿರಲಿಲ್ಲ, ಅಳುತ್ತಿದ್ದ ಎಂದು ಶಾಂತವ್ವ ಆಮೇಲೆ ಹೇಳಿದಳು.

ಗೋಕಾಕದ ಆಸ್ಪತ್ರೆಯಲ್ಲಿ ಹತ್ತು ಗಂಟೆಯಿಂದ ಒಂದು ಗಂಟೆಯವರೆಗೆ ಬಾಕಿನ ಮೇಲೆ ಒರಗಿ ಕೂತೆವು. ಚೀಟಿ ಹರಿಯುವ ಕಂಪೌಂಡರ್, "ನಂಬರ ಬಂದಾಗ ಕರೀತೇನಿ, ಎಲ್ಲಾರಿಗೂ ಬ್ಯಾನಿ ಇರ್ತಾವು" ಎಂದ. ಅವನನ್ನು ಒದೆಯಬೇಕೆನಿಸಿತು, ಕಾಲು ಏಳಲಿಲ್ಲ. ಅಷ್ಟರಲ್ಲಿ ಕೈಬೆರಳುಗಳೂ ಜೋಮು ಹಿಡಿದಿದ್ದವು. ಒಳಗೆ ಹೋದಾಗ ಡಾಕ್ಟರು ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ಎರಡು ಸಲ ತಟ್ಟಿದರು. ಏನೂ ಅಲುಗಲಿಲ್ಲ. ಅವರ ಮುಖ ಬದಲಾದದ್ದನ್ನು ನಾನು ನೋಡಿದೆ.

"ಇಲ್ಲಿ ಇಟ್ಕೊಳ್ಳಾಕ ಆಗಂಗಿಲ್ಲ. ಈಗಿಂದ ಈಗ ಬೆಳಗಾವಿಗೆ ಒಯ್ಯಿರಿ."

ಬೆಳಗಾವಿಯಲ್ಲಿ ಅದಕ್ಕೆ ಒಂದು ಉದ್ದ ವಿದೇಶಿ ಹೆಸರು ಹೇಳಿದರು, ನಮ್ಮ ಬಾಯಲ್ಲಿ ಅದು ಜಿಬಿಎಸ್ ಎಂದು ಮಾತ್ರ ಉಳಿಯಿತು. ಮೈಯ ಕಾವಲು ಕೆಲಸ ಮಾಡಬೇಕಾದದ್ದೇ ಹಾದಿ ತಪ್ಪಿ ನರಗಳ ಮೇಲೆ ಬೀಳುತ್ತದಂತೆ. ಕಾಲಿನಿಂದ ಶುರುವಾಗಿ ಮೇಲೆ ಏರುತ್ತದೆ, ಎಲ್ಲಿ ನಿಲ್ಲುತ್ತದೆಂದು ಹೇಳಲು ಬರುವುದಿಲ್ಲ. ಎದೆಗೆ ಏರಿದರೆ ಉಸಿರು. ತರುಣ ಡಾಕ್ಟರೊಬ್ಬರು ಬಂದು ಮಂಚದ ಪಕ್ಕ ನಿಂತರು.

"ಜೋರಾಗಿ ಉಸರ ತಗೊಳ್ರಿ. ಒಂದ ಉಸರಿನ್ಯಾಗ ಎಷ್ಟ ಆಗ್ತೈತಿ ಎಣಿಸ್ರಿ."

ಮೂವತ್ತೊಂದಕ್ಕೆ ನಿಂತೆ. ಅವರು ಬರೆದುಕೊಂಡರು. ಸಂಜೆ ಮತ್ತೆ ಬಂದರು: ಇಪ್ಪತ್ನಾಲ್ಕು. ಮರುದಿನ ಬೆಳಿಗ್ಗೆ ಹದಿನೇಳು, ಮಧ್ಯಾಹ್ನ ಹನ್ನೆರಡು. ಸ್ಟೋರಿನಲ್ಲಿ ಇಪ್ಪತ್ತೆರಡು ವರ್ಷ ಎಣಿಸುತ್ತ ಕಳೆದವನಿಗೆ ಹನ್ನೆರಡರ ಮುಂದೆ ಹೋಗಲಾಗಲಿಲ್ಲ. ಬಾಗಿಲಾಚೆ ಡಾಕ್ಟರು ಶಾಂತವ್ವನಿಗೆ ಹೇಳುತ್ತಿದ್ದದ್ದು ಕೇಳಿಸಿತು. "ಎಂಟಕ್ಕ ಇಳದ್ರ ಗಂಟಲದಾಗ ನಳಿಗಿ ಹಾಕಿ ಮಶೀನಿಗೆ ಹಚ್ಚತೇವಿ. ಸಹಿ ತಯಾರ ಇಟ್ಕೊಳ್ರಿ."

ಅವಳನ್ನು ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ಉಳಿದ ಹೊತ್ತು ಹೊರಗಿನ ವರಾಂಡದಲ್ಲಿ, ಬೇರೆಯವರ ಬುತ್ತಿ, ಬೇರೆಯವರ ಅಳುವಿನ ನಡುವೆ ಚಾಪೆ ಹಾಸಿಕೊಂಡಿದ್ದಳು. ಒಳಗೆ ಬಂದಾಗ ಅವಳ ಮುಖದಲ್ಲಿ ಗಾಬರಿ ಕಂಡರೆ ನನಗೆ ಸಿಟ್ಟು, ಕಾಣದಿದ್ದರೆ ಇನ್ನೂ ಸಿಟ್ಟು. ಆ ಹೊತ್ತಿಗೆ ಮುಖದ ಬಲವೂ ಹೋಗಿ ರೆಪ್ಪೆ ಮುಚ್ಚುತ್ತಿರಲಿಲ್ಲ. ಕಣ್ಣಿಗೆ ಔಷಧಿ ಹಾಕಿ ಪಟ್ಟಿ ಹಚ್ಚುತ್ತಿದ್ದರು. ವಾರ್ಡಿನಲ್ಲಿ ಒಬ್ಬಳು ಆಯಾ ಇದ್ದಳು. ಯಾರೂ ಹೇಳದಿದ್ದರೂ ಡಾಕ್ಟರು ಬರುವ ಮೊದಲು ನನ್ನ ಕಣ್ಣಿನ ಪಟ್ಟಿ ಬಿಚ್ಚಿ ಒರೆಸುತ್ತಿದ್ದಳು. "ಕಾಕಾ, ಕತ್ತಲ್ಯಾಗ ಎಣಿಸಬ್ಯಾಡ್ರಿ" ಅನ್ನುತ್ತಿದ್ದಳು. ನಾನು ಎಣಿಸುವಾಗ ಡಾಕ್ಟರ ಹಿಂದೆ ನಿಂತು ಅವಳ ತುಟಿಯೂ ಅಲುಗುತ್ತಿತ್ತು. ಮೂರನೆಯ ದಿನ ಒಂಬತ್ತು. ಸಂಜೆ ಒಂಬತ್ತು. ನಾಲ್ಕನೆಯ ದಿನ ಮತ್ತೆ ಒಂಬತ್ತು. ಒಂಬತ್ತಕ್ಕೆ ಬಂದು ನಿಂತಾಗ ಅವಳ ತುಟಿ ಹತ್ತು ಎಂದಿತು, ನನ್ನದು ಅನ್ನಲಿಲ್ಲ. ಐದನೆಯ ದಿನ ಹನ್ನೊಂದು ಎಣಿಸಿದೆ. ಡಾಕ್ಟರು ಬರೆದುಕೊಂಡು ಸುಮ್ಮನೆ ಹೋದರು. ಆಯಾ ಮಾತ್ರ ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಓಡಿಹೋಗಿ ವರಾಂಡದಲ್ಲಿದ್ದ ಶಾಂತವ್ವನಿಗೆ ಹೇಳಿಬಂದಳು. ಆಕೆಯ ಹೆಸರನ್ನು ನಾನು ಕೇಳಲೇ ಇಲ್ಲ. ಆಸ್ಪತ್ರೆಯಲ್ಲಿ ಕಳೆದ ಆ ಐದು ವಾರದಲ್ಲಿ ನಾನು ಬೈಯದೆ ಬಿಟ್ಟವಳು ಅವಳೊಬ್ಬಳೇ.

ಮನೆಗೆ ಬಂದಾಗ ಕೈ ಭುಜದವರೆಗೆ ಏಳುತ್ತಿತ್ತು, ಕಾಲು ಇಲ್ಲ. ಬಲ ಮರಳಿ ಬರುತ್ತದೆ, ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಹೇಳಲಾಗದು ಎಂದಿದ್ದರು. ಶಾಂತವ್ವ ಹಿಂದಿನ ಕೋಣೆಯಿಂದ ಒಂದು ಕುರ್ಚಿ ತಂದಳು. ಹೊಚ್ಚಹೊಸದು, ಪ್ಲಾಸ್ಟಿಕ್ ಹಾಳೆ ಕೂಡ ತೆಗೆದಿರಲಿಲ್ಲ. ಅದರಲ್ಲಿ ಕೂರಿಸಿದಾಗ ನಾನು ಒಂದು ಪಕ್ಕಕ್ಕೆ ವಾಲಿದೆ. ಕಾಯಿಲೆಯಲ್ಲಿ ಸೊರಗಿದ ಮೈಗೆ ಹದಿನೆಂಟು ಇಂಚು ಹೊಲದಷ್ಟು ಅಗಲ. ಬಲಕ್ಕೆ ದಿಂಬು ತುರುಕಿದಳು. ಸಂಡಾಸಿನ ಬಾಗಿಲಿಗೆ ಒಯ್ದಳು. ಗಾಲಿ ಚೌಕಟ್ಟಿಗೆ ತಾಗಿತು. ಹಿಂದೆ ತೆಗೆದು ಓರೆ ಮಾಡಿ ನೂಕಿದಳು. ಮತ್ತೆ ತಾಗಿತು.

"ಜೋರ ಮಾಡಿ ನೂಕು" ಎಂದೆ.

"ಬಾಗಲಾ ಸಣ್ಣದೈತ್ರಿ. ಜೋರ ಮಾಡಿದ್ರ ದೊಡ್ಡದಾಗ್ತೈತೇನು?"

ಕಡೆಗೆ ಕೌದಿ ಹಾಸಿ, ನನ್ನನ್ನು ಅದರ ಮೇಲೆ ಇಳಿಸಿ, ತುದಿ ಹಿಡಿದು ಎಳೆದುಕೊಂಡು ಹೋದಳು. ಹತ್ತು ಹನ್ನೆರಡು ದಿನ ಹಾಗೆಯೇ ನಡೆಯಿತು. ಒಂದು ದಿನ ಎಳೆಯುವಾಗ ಅವಳ ಕೈ ಜಾರಿ ನನ್ನ ತಲೆ ಹೊಸ್ತಿಲಿಗೆ ಬಡಿಯಿತು. ನಾನು ಅನ್ನಬಾರದ್ದು ಅಂದೆ. "ನಿನ್ನ ಕೈಯಾಗ ಸಿಗೂದಕ್ಕಿಂತ ಸಾಯೂದ ಚಲೋ ಇತ್ತು." ಅವಳು ತಿರುಗಿ ಹೇಳಿದ್ದು ಒಂದೇ ಮಾತು: "ನಾ ನಿಮ್ಮ ಸಿಪಾಯಿ ಅಲ್ಲ." ಆಮೇಲೆ ನಾಲ್ಕು ದಿನ ಮಾತಿಲ್ಲ. ತಿನ್ನಿಸಿದಳು, ತೊಳೆದಳು, ಮಗ್ಗುಲು ಬದಲಿಸಿದಳು, ಎಲ್ಲ ಬಾಯಿ ಮುಚ್ಚಿಕೊಂಡು. ನೋಡಲು ಬಂದವರು ಲಕ್ವಾ ಎಂದು ತಾವೇ ತೀರ್ಮಾನಿಸಿ ಎಣ್ಣೆಯ ಹೆಸರು ಹೇಳಿ ಹೋಗುತ್ತಿದ್ದರು. ಕಲ್ಲೋಳಿಯ ನಮ್ಮ ಬೀಗರೊಬ್ಬರು, "ಎಷ್ಟ ಮಂದಿಗೆ ಖುರ್ಚಿ ಕೊಟ್ಟ ಪುಣ್ಯಾತ್ಮ, ನಿನಗ ಹಿಂಗ ಆಗಬಾರದಿತ್ತು" ಎಂದರು. ಅವರನ್ನು ಚಹಾ ಕುಡಿಯಲೂ ಬಿಡದೆ ಕಳಿಸಿದೆ.

ಕೈಕಾಲಿಗೆ ವ್ಯಾಯಾಮ ಮಾಡಿಸಲು ಗೋಕಾಕದಿಂದ ಒಬ್ಬ ಫಿಜಿಯೋಥೆರಪಿ ಹೆಣ್ಣುಮಗಳು, ನಮ್ಮ ಬಾಯಲ್ಲಿ ಬಾಯಾರು, ವಾರಕ್ಕೆ ಮೂರು ಸಲ ಸ್ಕೂಟಿಯಲ್ಲಿ ಬರುತ್ತಿದ್ದರು. ನನ್ನ ಮಗಳ ವಯಸ್ಸು, ಬಾಯಿ ಮಾತ್ರ ಸುಬೇದಾರನದು. ಎರಡನೆಯ ವಾರ ನನ್ನನ್ನು ಮಗ್ಗುಲಿಗೆ ತಿರುಗಿಸಿದವರು ಸೊಂಟದ ಕೆಳಗೆ ಬೆರಳು ಒತ್ತಿ ನೋಡಿದರು.

"ಇಲ್ಲಿ ಕೆಂಪ ಆಗೇತ್ರಿ. ಉರಿತೈತೇನು?"

"ಉರಿತೈತಿ."

ಕುರ್ಚಿಯನ್ನು ನೋಡಿದರು. ಸೀಟಿನ ಬಟ್ಟೆ ಜೋಲು ಬಿದ್ದು ಜೋಳಿಗೆಯಾಗಿತ್ತು. "ಈ ಖುರ್ಚಿ ಯಾರ ಕೊಟ್ಟಾರ್ರಿ ನಿಮಗ? ಅವರಿಗೆ ಬುದ್ಧಿ ಐತೇನು? ಗಾದಿ ಎಲ್ಲಿ?"

ನಾನು ಗೋಡೆ ನೋಡಿದೆ. ಶಾಂತವ್ವ ಅಂದಳು, "ಇವರ ಅದಾರ್ರಿ ಕೊಡೂ ಮಂದಿ. ಗಾದಿ ಮೀಟಿಂಗ್ ಹಾಲಿನ್ಯಾಗ ಅದಾವು. ಸಾಹೇಬ್ರು ಬಂದ್ರ ಕೂಡ್ರಾಕ."

ಬಾಯಾರು ನನ್ನನ್ನು ನೋಡಿದ ರೀತಿಯನ್ನು ನಾನು ಇಲ್ಲಿ ಬರೆಯಲಾರೆ. ಶಾಂತವ್ವ ಅಂದೇ ಹೋಗಿ ಒಂದು ಗಾದಿ ತಂದಳು. ನಾಲ್ಕು ದಿನದಲ್ಲಿ ಕೆಂಪು ಇಳಿಯಿತು. ನನಗೆ ಉರಿಯುತ್ತಿತ್ತು, ಆದ್ದರಿಂದ ಹೇಳಿದೆ, ಉಳಿದೆ. ಉರಿಯೇ ತಿಳಿಯದವನು ಎಷ್ಟು ದಿನ ಕೂತಿರಬಹುದು? ಆ ಲೆಕ್ಕ ತಲೆಗೆ ಹೊಕ್ಕ ಮೇಲೆ ಮಲಗಿದರೂ ಬಿಡಲಿಲ್ಲ. ಲಗಮಣ್ಣನಿಗೆ ಫೋನು ಮಾಡಿಸಿದೆ. ಅವನ ಹೆಂಡತಿ ಯಲ್ಲವ್ವ ಎತ್ತಿಕೊಂಡು, "ಅವರು ಮಾತಾಡಂಗಿಲ್ಲ" ಎಂದು ಫೋನು ಕಡಿದಳು. ಎರಡನೆಯ ಸಲವೂ ಅದೇ. ಮೂರನೆಯ ಸಲ ಎತ್ತಲೇ ಇಲ್ಲ. ರಫೀಕನ ಕೈಯಲ್ಲಿ ಗಾದಿ ಕಳಿಸಬಹುದಿತ್ತು. ಕಳಿಸಲಿಲ್ಲ. ಕಳಿಸಿದರೆ ಅವು ಇಷ್ಟು ದಿನ ಎಲ್ಲಿದ್ದವು ಎಂದು ಅವನು ಕೇಳುತ್ತಾನೆ, ರಫೀಕ ಹೇಳುತ್ತಾನೆ ಎಂಬ ಅಳುಕು. ಹಾಸಿಗೆಯಲ್ಲಿ ಬಿದ್ದಿದ್ದರೂ ಮಾನದ ಚಿಂತೆ ಬಿಟ್ಟಿರಲಿಲ್ಲ.

ಕಾಲಿನ ಹೆಬ್ಬೆರಳು ಮೊದಲು ಅಲುಗಿತು. ಆಮೇಲೆ ಮೊಣಕಾಲು. ಐದನೆಯ ತಿಂಗಳಿಗೆ ವಾಕರ್ ಹಿಡಿದು ಅಂಗಳದವರೆಗೆ ನಡೆದೆ. ಅದೇ ವಾರ ರಫೀಕನನ್ನು ಕರೆದು, ಮೀಟಿಂಗ್ ಹಾಲಿನ ಗಾದಿಗಳನ್ನೆಲ್ಲ ಟೆಂಪೋಕ್ಕೆ ತುಂಬಿಸಿ ಹುಕ್ಕೇರಿ ದಾರಿ ಹಿಡಿದೆ. ಶಾಂತವ್ವ ತಡೆಯಲಿಲ್ಲ. ಬುತ್ತಿ ಕಟ್ಟಿಕೊಟ್ಟು, "ಬೈದ್ರ ಬೈಸ್ಕೊಂಡ ಬರ್ರಿ" ಎಂದಳು.

ಲಗಮಣ್ಣ ಪಡಸಾಲೆಯ ಹೊರಸಿನ ಮೇಲೆ ಬೋರಲು ಮಲಗಿದ್ದ. ಗದ್ದ ದಿಂಬಿನ ಮೇಲೆ, ಮುಖ ನೆಲಕ್ಕೆ. ನಾವು ಕೊಟ್ಟ ಕುರ್ಚಿ ಮೂಲೆಯಲ್ಲಿತ್ತು, ಅದರ ಮೇಲೆ ಹಿಂಡಿಯ ಚೀಲ. ಯಲ್ಲವ್ವ ಬೋಗುಣಿಯಲ್ಲಿ ನೀರಿಟ್ಟುಕೊಂಡು ಅವನ ಗಾಯ ತೊಳೆಯುತ್ತಿದ್ದಳು.

"ಯಾರದು?" ಎಂದ ತಲೆ ಎತ್ತದೆ.

"ಮೂಡಲಗಿ ಹವಾಲ್ದಾರ."

"ಬ್ಯಾನರ್ ತಂದೀರೇನ್ರಿ?"

ಯಲ್ಲವ್ವ ಬಟ್ಟೆ ಸರಿಸಿದಳು. "ನೋಡ್ರಿ ಅಣ್ಣಾರ. ಇದು ಫೋಟೋದಾಗ ಬಂದಿಲ್ಲ." ನಾನು ನೋಡಿದೆ. ಒಂದು ಹಿಡಿ ಹೋಗುವಷ್ಟು ಆಳದ ಹುಣ್ಣು. ಎರಡು ಸಲ ಆಸ್ಪತ್ರೆಗೆ ಹಾಕಿ ಬಂದಿದ್ದರು. ನಾಲ್ಕು ತಿಂಗಳಿಂದ ಅವನು ಕೂತಿರಲಿಲ್ಲ. ಉಣ್ಣುವುದೂ ಬೋರಲಾಗಿಯೇ.

ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದ ಮಾತುಗಳು ತಲೆಕೆಳಗಾದವು. "ನನಗೂ ಬ್ಯಾನಿ ಆಗಿತ್ತು ಲಗಮಣ್ಣ. ಕೈಕಾಲು ಹೋಗಿದ್ವು. ನಿನ್ನ ತ್ರಾಸ ಏನಂತ ಈಗ ನನಗ ತಿಳೀತು" ಎಂದುಬಿಟ್ಟೆ.

ಅವನು ದಿಂಬಿನೊಳಗೆ ನಕ್ಕ. "ತಿಳೀತೇನ್ರಿ? ನಡಕೋತ ಬಂದೀರಿ, ನಡಕೋತ ಹೋಗ್ತೀರಿ. ನಿಮ್ದು ಹೋಗೂ ಬ್ಯಾನಿ. ನಂದು ಇರೂ ಬ್ಯಾನಿ. ಎರಡೂ ಒಂದ ಹಗ್ಗಕ್ಕ ಕಟ್ಟಬ್ಯಾಡ್ರಿ."

"ಗಾದಿ ತಂದೇನಿ."

"ಬಂದಿಲ್ಲ ಅಂದಿದ್ರಿ?"

"ಸುಳ್ಳ ಹೇಳಿದ್ದೆ. ಬಂದಿದ್ವು. ಮೀಟಿಂಗ್ ಹಾಲಿನ್ಯಾಗ ಹಾಕಿಸಿದ್ದೆ. ದೊಡ್ಡ ಮಂದಿ ಬಂದ್ರ ಕೂಡ್ರಾಕ ಅಂತ."

ಯಲ್ಲವ್ವನ ಕೈ ನಿಂತಿತು. ಅವಳು ಎದ್ದು ಬೋಗುಣಿಯ ನೀರನ್ನು ಅಂಗಳಕ್ಕೆ ಚೆಲ್ಲಿದಳು. ಅರ್ಧ ನನ್ನ ಕಾಲಿಗೇ ಬಿತ್ತು. ಬೇಕೆಂತಲೇ ಚೆಲ್ಲಿದ್ದು, ಅದನ್ನು ಅವಳು ಮುಚ್ಚಲೂ ಇಲ್ಲ.

ಲಗಮಣ್ಣ ಅಂದ, "ಯಲ್ಲವ್ವಾ, ಆ ಚೀಲ ಇಳಸು. ಸಾಹೇಬ್ರ, ಆ ಖುರ್ಚ್ಯಾಗ ಕೂಡ್ರಿ. ಗಾದಿ ಇಲ್ದ. ನಾ ಏಳ್ರಿ ಅನ್ನೂತನ ಏಳಬ್ಯಾಡ್ರಿ."

ರಫೀಕ ಮುಂದೆ ಬಂದ. "ಅಣ್ಣಾ, ಇವರಿಗೆ ಇನ್ನೂ ಪೂರಾ ಆರಾಮ ಆಗಿಲ್ಲ."

"ನನಗ ಆಗೇತೇನು?"

ಕೂತೆ. ಯಲ್ಲವ್ವ ನನ್ನ ವಾಕರನ್ನು ಎತ್ತಿಕೊಂಡು ಹೋಗಿ ಅಂಗಳದಾಚೆ ಕುರಿ ಹಟ್ಟಿಯ ಬೇಲಿಗೆ ಒರಗಿಸಿ, ಕುರಿ ಹೊಡೆದುಕೊಂಡು ಅಡವಿಗೆ ಹೋದಳು. ರಫೀಕ ಟೆಂಪೋದ ನೆರಳಿಗೆ ಹೋಗಿ ಕೂತ. ಪಡಸಾಲೆಯಲ್ಲಿ ನಾವಿಬ್ಬರೇ. ಅವನಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ಪಾದ ಮಾತ್ರ. ಒಂದು ತಾಸಿಗೆ ಬೆನ್ನು ಕೊರೆಯತೊಡಗಿತು. ಎರಡನೆಯ ತಾಸಿಗೆ ತೊಡೆ ನಡುಗಿತು. ಜೋಲು ಸೀಟು ಎರಡೂ ಕಡೆಯಿಂದ ಸೊಂಟವನ್ನು ಹಿಂಡುತ್ತಿತ್ತು. ಅವನನ್ನು ಹೊಡೆಯಬೇಕೆನಿಸಿತು, ಮುಚ್ಚಿಡುವುದಿಲ್ಲ. ಕ್ಷಮೆ ಕೇಳಲು ಬಂದವನು ನಾನು, ಅವನು ಬೇಗ ಕ್ಷಮಿಸಿ ನನ್ನನ್ನು ಕಳಿಸಿಕೊಡಬೇಕು ಎಂಬುದು ನನ್ನ ಮನಸ್ಸಿನಲ್ಲಿತ್ತು. ಒಂದು ನೊಣ ಅವನ ಕುತ್ತಿಗೆಯ ಮೇಲೆ ಕೂತು ಏಳುತ್ತಿತ್ತು, ಅವನ ಕೈ ಹಿಂದೆ ಬಂದು ಓಡಿಸುತ್ತಿತ್ತು, ಅಷ್ಟೇ ಚಲನೆ.

ಮಧ್ಯಾಹ್ನಕ್ಕೆ ತಡೆಯಲಾಗಲಿಲ್ಲ. "ಲಗಮಣ್ಣ, ಒಂದಕ್ಕ ಹೋಗಬೇಕು."

"ಹೋಗ್ರಿ. ಖುರ್ಚಿ ಐತಲ್ಲ."

ಗಾಲಿ ತಿರುಗಿಸುತ್ತ ಬಚ್ಚಲಿನ ಬಾಗಿಲಿಗೆ ಹೋದೆ. ಚೌಕಟ್ಟಿಗೆ ತಾಗಿತು. ಓರೆ ಮಾಡಿದೆ. ಬೆರಳಿನ ಗಂಟು ಗೋಡೆಗೆ ಉಜ್ಜಿ ರಕ್ತ ಬಂತು. ಕಬ್ಬಿಣ ಕಟ್ಟಿಗೆಗೆ ಬಡಿಯುವ ಸದ್ದು ಅವನಿಗೆ ಕೇಳಿಸಿತು.

"ತಾಕಿತೇನ್ರಿ?"

"ಹೂಂ."

"ಎಷ್ಟ ಕಡಿಮಿ ಬಿತ್ತು?"

"ಎರಡ ಇಂಚ ಇರಬೇಕು."

"ಇರಬೇಕು ಅನ್ನಬ್ಯಾಡ್ರಿ. ಗೂಟಕ್ಕ ಟೇಪ್ ಹಾಕೇತಿ. ಅಳತಿ ಮಾಡ್ರಿ."

ಹೊಟ್ಟೆ ಬಿಗಿಹಿಡಿದುಕೊಂಡು ಟೇಪು ಬಿಚ್ಚಿದೆ. ಬಾಗಿಲು ಇಪ್ಪತ್ಮೂರೂವರೆ. ಕುರ್ಚಿ, ಗಾಲಿಯಿಂದ ಗಾಲಿಗೆ, ಇಪ್ಪತ್ತಾರು. "ಎರಡೂವರಿ" ಎಂದೆ.

"ಅದನ್ನ ನಾ ಅವತ್ತ ಹೇಳಿದ್ದೆ." ಆಮೇಲೆ ಹೊರಗೆ ಕೂಗಿದ, "ರಫೀಕಣ್ಣಾ, ಇವರ ವಾಕರ್ ತಾ. ನೆಲಾ ಹೊಲಸ ಮಾಡಿದ್ರ ಬಳಿಯಾಕಿ ಯಲ್ಲವ್ವ ಒಬ್ಬಾಕೀನ ಅದಾಳ."

ತಿರುಗಿ ಬಂದಾಗ ನನ್ನ ಕಾಲು ಮರದ ಹಾಗೆ ಆಗಿದ್ದವು. ನಿಂತುಕೊಂಡೇ ಅವನ ಸೊಂಟದ ಅಗಲ, ತೊಡೆಯ ಉದ್ದ, ಮೊಣಕಾಲಿನಿಂದ ಹಿಮ್ಮಡಿಯವರೆಗೆ ಅಳೆದೆ. ಅವನು ಬೋರಲಾಗಿಯೇ, ಇಲ್ಲಿ ಅಲ್ಲ, ಅಲ್ಲಿಂದ ಹಿಡೀರಿ ಎಂದು ಹೇಳುತ್ತ ಹೋದ. ಅವನಿಗೆ ಬೇಕಾದದ್ದು ಹದಿನಾರು ಇಂಚಿನ ಸೀಟಿನದು, ತೆಳ್ಳಗಿನ ಗಾಲಿಯದು. ಪುಣೆಯ ದಾನಿಗಳಿಗೆ ಫೋನು ಮಾಡಿದೆ. ಅತ್ತಲಿನ ಹೆಣ್ಣುಮಗಳು ಆಶ್ಚರ್ಯದಿಂದ, ಎಲ್ಲ ಅಳತೆಯವೂ ಇವೆ, ನೀವು ಎಂದೂ ಕೇಳಲಿಲ್ಲವಲ್ಲ ಎಂದಳು. ಇಪ್ಪತ್ತು ದಿನದಲ್ಲಿ ಕುರ್ಚಿ ಬಂತು. ಆದರೆ ಅದರಲ್ಲಿ ಕೂರಲು ಲಗಮಣ್ಣನ ಹುಣ್ಣು ಮಾಯಬೇಕಿತ್ತು. ಬಾಯಾರನ್ನು ಕಾಡಿ ಬೇಡಿ ಹುಕ್ಕೇರಿಗೆ ಕರೆದುಕೊಂಡು ಹೋದೆ. ಗಾಯಕ್ಕೆ ಹೇಗೆ ಪಟ್ಟಿ ಕಟ್ಟಬೇಕು, ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಯಲ್ಲವ್ವನಿಗೆ ತೋರಿಸಿಕೊಟ್ಟರು. ಕಬ್ಬು ಕಡಿಯುವ ಹಂಗಾಮು ಮುಗಿಯುವ ಹೊತ್ತಿಗೆ ಗಾಯ ಕೂಡಿತು. ಅಷ್ಟು ದಿನ ತಿಂಗಳಿಗೆ ಎರಡು ಸಲ ಹೋಗುತ್ತಿದ್ದೆ. ಒಂದು ದಿನವೂ ಅವನು ನನಗೆ ಬರ್ರಿ ಅನ್ನಲಿಲ್ಲ. ಯಲ್ಲವ್ವ ಮೂರನೆಯ ಸಲಕ್ಕೆ ನೀರು ಕೊಟ್ಟಳು, ಐದನೆಯ ಸಲಕ್ಕೆ ಚಹಾ.

ನಡುವೆ ಉಳಿದ ಮನೆಗಳಿಗೂ ಹೋದೆ. ನಾಗನೂರದಲ್ಲಿ ಒಂದು ಕುರ್ಚಿಯ ಮೇಲೆ ಕೋಳಿ ಕಾವಿಗೆ ಕೂತಿತ್ತು. ಗೋಕಾಕದಲ್ಲಿ ಒಬ್ಬರು ಅದರಲ್ಲಿ ನೀರಿನ ಕೊಡ ಸಾಗಿಸುತ್ತಿದ್ದರು. ಎಲ್ಲರೂ ಮೊದಲು, ಭಾಳ ಚಲೋ ಐತ್ರಿ ಸಾಹೇಬ್ರ ಎಂದರು. ಅಳತೆಯ ಟೇಪು ತೆಗೆದು, ನಾನು ತಪ್ಪು ಕೊಟ್ಟೇನಿ, ಎಲ್ಲಿ ಹಿಡಿತೈತಿ ಹೇಳ್ರಿ ಎಂದ ಮೇಲೆ ಬಾಯಿ ಬಿಟ್ಟರು. ಕೆಲವರು ಎರಡು ವರ್ಷದ್ದನ್ನು ಒಂದೇ ಸಲಕ್ಕೆ ಅಂದರು. ಒಬ್ಬ ಮುದುಕ ಬಾಗಿಲು ಹಾಕಿಕೊಂಡ, ಮತ್ತೆ ತೆಗೆಯಲಿಲ್ಲ. ಅವನ ಮನೆಯ ಕಟ್ಟೆಯ ಮೇಲೆ ಗಾದಿ ಇಟ್ಟು ಬಂದೆ.

ಈಗ ನಾನು ಕೋಲು ಹಿಡಿದು ನಡೆಯುತ್ತೇನೆ. ಎಡಗಾಲು ಎಳೆಯುತ್ತದೆ, ಸಂಜೆಯಾದರೆ ಅಂಗಾಲು ಸುಡುತ್ತದೆ, ಅಂಗಿಯ ಬಟನ್ನು ಹಾಕಲು ಬರುವುದಿಲ್ಲ. ಇಷ್ಟು ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಹೊಸ್ತಿಲ ಹತ್ತಿರ ಅಂದ ಮಾತಿಗೆ ಶಾಂತವ್ವನಲ್ಲಿ ತಪ್ಪಾಯಿತು ಎಂದೆ. "ಅಂದದ್ದು ಅಂದ್ರಿ. ನಾ ಮರತಿಲ್ಲ. ಈಗ ಕೈ ಎತ್ರಿ, ಬಟನ್ ಹಾಕ್ತೇನಿ" ಎಂದಳು. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ. ಈ ರೋಗ ನಿಮಗೆ ಬಂದಿದ್ದರೆ, ಸಿಟ್ಟು ಬರುತ್ತದೆ, ಬರಲಿ. ಕೌದಿ ಎಳೆಯುವವರ ಮೇಲೆ ಮಾತ್ರ ಹಾಕಬೇಡಿ.

ಹೋದ ತಿಂಗಳು ಗೋಕಾಕದ ಹತ್ತಿರದ ಒಂದು ಊರಿನಿಂದ ಕರೆ ಬಂತು. ಸಿದ್ದಪ್ಪ ಎಂಬ ಮಾಜಿ ನಾಯಕ್, ಸ್ಫೋಟದಲ್ಲಿ ಎರಡೂ ಕಾಲು ಕಳೆದುಕೊಂಡವರು, ಕುರ್ಚಿ ಬೇಕು ಎಂದರು. ಈ ಸಲ ಮೊದಲು ಹೋಗಿ ಬಾಗಿಲು ಅಳೆದು ಬಂದಿದ್ದೆ. ಕೊಡಲು ಹೊರಡುವ ಹಿಂದಿನ ದಿನ ಲಗಮಣ್ಣನ ಫೋನು ಬಂತು. ಅವನಾಗಿಯೇ ಮಾಡಿದ್ದು.

"ರಫೀಕ ಹೇಳಿದ. ನೀವ ಒಬ್ಬರ ಹೋದ್ರ ಮತ್ತ ಸುಳ್ಳ ಹೇಳ್ತೀರಿ. ನಾನೂ ಬರ್ತೇನಿ."

ಅವನನ್ನು ಕುರ್ಚಿಸಮೇತ ಟೆಂಪೋಕ್ಕೆ ಏರಿಸಿಕೊಂಡು ಹೋದೆವು. ದಾರಿಯಲ್ಲಿ ರಫೀಕನೊಂದಿಗೆ ಕುರಿ ಸಂತೆಯ ಮಾತು ಆಡಿದ. ನನ್ನೊಂದಿಗೆ ಇಲ್ಲ. ಸಿದ್ದಪ್ಪನವರ ಅಂಗಳದಲ್ಲಿ ಹೊಸ ಕುರ್ಚಿ ಇಳಿಸಿ, ಗಾದಿ ಹಾಸಿದೆ. ಹಿರಿಯರು, ಕಣ್ಣು ತುಂಬಿಕೊಂಡು, ನನ್ನ ಕಡೆಗೆ ಎರಡೂ ಕೈ ಎತ್ತಿದರು.

"ಕೈ ಮುಗೀಬ್ಯಾಡ್ರಿ ಕಾಕಾ" ಎಂದ ಲಗಮಣ್ಣ. "ಮೊದಲ ಕೂತ ನೋಡ್ರಿ. ಚಲೋ ಇಲ್ಲಂದ್ರ ಬೈರಿ. ಸಾಹೇಬ್ರಿಗೆ ಬೈಸ್ಕೊಂಡ ರೂಢಿ ಐತಿ."

ಸಿದ್ದಪ್ಪ ನಮ್ಮಿಬ್ಬರನ್ನೂ ನೋಡಿ, ಕೈ ಇಳಿಸಿ, ಕುರ್ಚಿಗೆ ದಾಟಿಕೊಂಡರು. ಮುಂದೆ ಹೋದರು, ಹಿಂದೆ ಬಂದರು, ಬಚ್ಚಲಿನ ಬಾಗಿಲು ದಾಟಿ ಒಳಗೆ ಹೋಗಿ ತಿರುಗಿ ಬಂದರು. ಏನೋ ಹೇಳಲು ಬಾಯಿ ತೆಗೆದು ಸುಮ್ಮನಾದರು. ಲಗಮಣ್ಣ ಕಾದ. ನಾನೂ ಕಾದೆ.

"ಹಿಂಗ ಅಂತೇನಂತ ತಪ್ಪ ತಿಳೀಬ್ಯಾಡ್ರಿ" ಎಂದರು ಸಿದ್ದಪ್ಪ ಕಡೆಗೆ, ಮೆಲ್ಲಗೆ. "ಎಡಗಡೆ ಸ್ವಲ್ಪ ತಗ್ಗ ಅನಸ್ತೈತಿ."

ನಾನು ಕೋಲು ಗೋಡೆಗೆ ಒರಗಿಸಿ, ಕಿಸೆಯಿಂದ ನಟ್ಟು ತಿರುಗಿಸುವ ಪಾನಾ ತೆಗೆದು, ನೆಲಕ್ಕೆ ಕೂತೆ.